ಬಿಚ್ಚದೆ ಬಿಟ್ಟ ಬಟ್ಟೆ

"ಭಂತೆ, ಸತ್ತವರದ್ದೆಂದು ಒಂದು ಚೂರನ್ನು ಉಳಿಸಿಕೊಂಡರೆ ತೊಂದರೆ ಯಾರಿಗೆ? ಹೋದವರಿಗೋ, ಇದ್ದವರಿಗೋ?"

ಶಿಷ್ಯ ಹೀಗೆ ಕೇಳಿದ್ದು ಮಳೆಗಾಲ ಮುಗಿದ ಮೊದಲ ಹುಣ್ಣಿಮೆಯ ಬೆಳಿಗ್ಗೆ, ವಿಹಾರದ ಹಿಂದಿನ ಜಗಲಿಯಲ್ಲಿ. ಅವನಿಗೆ ನಲವತ್ತು ದಾಟಿತ್ತು. ಹೆಂಡತಿ ತೀರಿಕೊಂಡ ಮೇಲೆ ತಲೆ ಬೋಳಿಸಿಕೊಂಡು ಬಂದವನು. ಅವಳ ದೇಹಕ್ಕೆ ಹೊದಿಸಿದ್ದ ಬಿಳಿಯ ಬಟ್ಟೆಯನ್ನು ಪದ್ಧತಿಯಂತೆ ಭಿಕ್ಷುಗಳಿಗೆ ಒಪ್ಪಿಸಿದ್ದ. ಒಪ್ಪಿಸುವ ಮುಂಚೆ ಅಂಗೈಯಗಲದ ಒಂದು ತುಂಡನ್ನು ಹರಿದು ಸೊಂಟದ ಮಡಿಕೆಯಲ್ಲಿ ಇಟ್ಟುಕೊಂಡಿದ್ದ. ಅದು ಈಗಲೂ ಅಲ್ಲೇ ಇತ್ತು. ಈ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ಆದರೆ ಪ್ರಶ್ನೆ ಕೇಳುವಾಗ ಅವನ ಕೈ ಸೊಂಟದ ಮೇಲಿತ್ತು.

ಗುರುಗಳು ಆ ಕೈಯನ್ನು ನೋಡಿದರು. ಅವರು ಹೊದ್ದಿದ್ದ ಚೀವರ ಬಹಳ ಹಳೆಯದು. ತೇಪೆಯ ಮೇಲೆ ತೇಪೆ ಬಿದ್ದಿತ್ತು. ತೇಪೆಗಳ ನಡುವೆ ಕಾಣುತ್ತಿದ್ದ ಮೂಲ ಬಟ್ಟೆಯ ನೇಯ್ಗೆ ಮಾತ್ರ ಬಲು ನಯ. ಹೊಲಿಗೆ ಸೊಟ್ಟ. ಜಗಲಿಯ ಆ ತುದಿಯಲ್ಲಿ ಒಬ್ಬ ಮುದುಕಿ ಬುಟ್ಟಿಯ ತುಂಬ ಕಲಸಿದ ಮಣ್ಣು ಇಟ್ಟುಕೊಂಡು, ಮಳೆಗೆ ಬಿರಿದಿದ್ದ ಗೋಡೆಗೆ ಅಂಗೈಯಿಂದ ಮೆತ್ತುತ್ತಿದ್ದಳು. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಶಿಷ್ಯ ಅದೇ ಗೋಡೆಯ ಈ ತುದಿಗೆ ಒರಗಿ ಕುಳಿತಿದ್ದ.

"ಕೇಳು, ತೊಂದರೆ ಯಾರಿಗೆಂದು ಆಮೇಲೆ ನೀನೇ ಹೇಳು," ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಯ್ಗೆಯವಳಿದ್ದಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು. ಸುತ್ತಲ ಹತ್ತೂರಿನಲ್ಲಿ ಈ ಹೆಂಗಸಿನ ಕೈಯ ಬಟ್ಟೆಗೆ ಸಾಟಿ ಇರಲಿಲ್ಲ. ಅದು ಊರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ನೇಯ್ದ ಬಟ್ಟೆಯನ್ನು ಬಿಸಿಲಿಗೆ ಹಿಡಿದರೆ ಎಲ್ಲಿಯೂ ಒಂದು ಗಂಟು ಕಾಣುತ್ತಿರಲಿಲ್ಲ, ಅಂಚು ನೂಲು ಹಿಡಿದು ಗೀಚಿದಂತೆ ನೇರವಾಗಿರುತ್ತಿತ್ತು. ತಪ್ಪನ್ನು ಕಂಡರೆ ಅವಳು ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಒಂದೇ ಮಾತು ಹೇಳುತ್ತಿದ್ದಳು: ಬಿಚ್ಚು.

ಮಗಳು ಹದಿನಾರನೆಯ ವಯಸ್ಸಿಗೆ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಣಿಗೆ ಇಳಿದಳು. ಮೊದಲನೆಯ ಬಟ್ಟೆ ಮುಗಿಯಲು ಇನ್ನು ಒಂದು ಗೇಣು ಇತ್ತು. ತಾಯಿ ಬಂದು ಅಂಚನ್ನು ಬೆರಳಿನಲ್ಲಿ ಸವರಿ, ಒಂದು ಕಡೆ ಸಡಿಲವಾಗಿದೆ, ಬಿಚ್ಚು ಎಂದಳು. ಮಗಳು ಮೂರು ದಿನ ಕುಳಿತು ಬಿಚ್ಚಿದಳು. ಎರಡನೆಯ ಬಟ್ಟೆಯಲ್ಲಿ ನಡುವೆ ಒಂದು ಗಂಟು ಸಿಕ್ಕಿತು. ಅದನ್ನೂ ಬಿಚ್ಚಿದಳು. ಪಕ್ಕದ ಮನೆಯಲ್ಲಿದ್ದ ತಾಯಿಯ ನಾದಿನಿ ಹಿತ್ತಲ ಬೇಲಿಯ ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದಳು.

"ಅತ್ತಿಗೆ, ನಿಮ್ಮ ಮಗಳು ನೇಯುವುದಕ್ಕಿಂತ ಬಿಚ್ಚುವುದನ್ನೇ ಚೆನ್ನಾಗಿ ಕಲಿತಳು," ಎಂದಳು.

"ಕಲಿಯಲಿ. ನಾನು ಸತ್ತ ಮೇಲೆ ಅವಳ ಬಟ್ಟೆ ನೋಡಿ ಯಾರೂ ನಗಬಾರದು," ಎಂದಳು ತಾಯಿ.

ಮೂರನೆಯದು ಬಿಳಿಯ ಬಟ್ಟೆ. ಅರ್ಧ ನೇಯುವಷ್ಟರಲ್ಲಿ ಅಂಚಿನಿಂದ ಎರಡು ಬೆರಳು ಒಳಗೆ ಹೊಕ್ಕಿನ ಎಳೆಯೊಂದು ತಪ್ಪಿತು. ಹಾಸಿನ ಎಳೆಗಳ ಒಳಗೆ ಹೋಗಬೇಕಾದದ್ದು ನಾಲ್ಕು ಎಳೆಗಳ ಮೇಲೆ ಹಾರಿ ಹೋಗಿತ್ತು. ಅಕ್ಕಿ ಕಾಳಿನಷ್ಟು ಉದ್ದದ ತಪ್ಪು. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ತಾಯಿ ಕಂಡಳು, ಬಿಚ್ಚು ಎಂದಳು.

ಮಗಳು ತಲೆ ಎತ್ತಲಿಲ್ಲ. ಲಾಳಿಯನ್ನು ಎಸೆದಳು. ಮತ್ತೆ ಎಸೆದಳು. ತಪ್ಪನ್ನು ಹಾಗೇ ಬಿಟ್ಟು ಮುಂದಕ್ಕೆ ನೇಯ್ದಳು. ತಾಯಿ ಪಕ್ಕದಲ್ಲಿ ನಿಂತೇ ಇದ್ದಳು. ಮತ್ತೊಮ್ಮೆ ಹೇಳುವುದು ಅವಳ ಪದ್ಧತಿಯಾಗಿರಲಿಲ್ಲ. ಎಷ್ಟು ದಿನ ಹಟ ಮಾಡುತ್ತಾಳೋ ನೋಡೋಣ, ಮುಗಿದ ಮೇಲೆ ಪೂರ್ತಿ ಬಿಚ್ಚಿಸುತ್ತೇನೆ ಎಂದುಕೊಂಡು ಒಳಗೆ ಹೋದಳು. ಆ ಗಳಿಗೆಯಿಂದ ಮಗಳು ತಾಯಿಯೊಡನೆ ಮಾತು ಬಿಟ್ಟಳು. ಹದಿನೈದು ದಿನ ಮಗ್ಗದ ಸದ್ದು ಬಿಟ್ಟು ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಬಟ್ಟೆ ಮುಗಿದ ಮರುದಿನ ಹುಡುಗಿಗೆ ಜ್ವರ ಬಂತು.

ಆರು ದಿನ ಜ್ವರ ಇಳಿಯಲಿಲ್ಲ. ಏಳನೆಯ ಬೆಳಿಗ್ಗೆ ಭಿಕ್ಷುಗಳನ್ನು ಕರೆಸಿದರು. ಸಾಯುವವರ ಕೊನೆಯ ಯೋಚನೆ ಎಂಥದ್ದೋ ಮುಂದಿನ ಹುಟ್ಟಿನ ದಾರಿ ಅಂಥದ್ದು ಎಂಬುದು ಆ ಊರಿನ ನಂಬಿಕೆ, ನಮ್ಮ ನಂಬಿಕೆಯೂ ಹೌದು. ಅದಕ್ಕೇ ಹತ್ತಿರದವರು ಕಿವಿಯ ಬಳಿ ಕುಳಿತು, ಅವರು ಮಾಡಿದ ಒಳ್ಳೆಯ ಕೆಲಸಗಳನ್ನು ನೆನಪಿಸಬೇಕು, ಅವರ ಮನಸ್ಸು ತಿಳಿಯಾಗುವಂತೆ ಮಾತಾಡಬೇಕು. ಹಿರಿಯರು ತಾಯಿಗೆ ಹೇಳಿದರು: ನೀನೇ ಹೇಳಮ್ಮ, ನಿನ್ನ ಮಾತು ಕೇಳಿಸೀತು.

ತಾಯಿ ಬಗ್ಗಿದಳು. ಮಗಳನ್ನು ಹೊಗಳಿ ಅವಳಿಗೆ ಅಭ್ಯಾಸವಿರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಮಗಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮತ್ತೆ ಈ ಕಡೆಗೆ ತಿರುಗಲಿಲ್ಲ.

ದೇಹಕ್ಕೆ ಹೊದಿಸಲು ಹೊಸ ಬಿಳಿಯ ಬಟ್ಟೆ ಬೇಕು. ಯಾರೂ ಉಟ್ಟಿರಬಾರದು, ನೀರು ಸೋಕಿರಬಾರದು. ನೇಯ್ಗೆಯವರ ಮನೆಯಲ್ಲಿ ಬಟ್ಟೆಗೆ ಹುಡುಕಬೇಕೆ? ನಾದಿನಿ ಮಗ್ಗದ ಕೋಣೆಗೆ ಹೋದಳು, ಮುಗಿದು ಸುತ್ತಿ ಇಟ್ಟಿದ್ದ ಬಿಳಿಯ ಬಟ್ಟೆಯನ್ನು ತಂದಳು, ಹೊದಿಸಿದಳು. ತಾಯಿ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು. ಏನನ್ನೂ ನೋಡುತ್ತಿರಲಿಲ್ಲ.

ಮಸಣದಲ್ಲಿ ಚಿತೆಯ ಪಕ್ಕಕ್ಕೆ ದೇಹವನ್ನು ಇಳಿಸಿದರು. ಒಬ್ಬ ಭಿಕ್ಷು ಮುಂದೆ ಬಂದು ಬಟ್ಟೆಯ ಮೂಲೆಯನ್ನು ಹಿಡಿದು, ಹುಟ್ಟಿದ್ದು ಅಳಿಯುತ್ತದೆಂಬ ಪಾಠವನ್ನು ಹೇಳಿ, ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಸತ್ತವರ ಮೇಲಿನ ಬಟ್ಟೆ ಭಿಕ್ಷುವಿನ ಚೀವರಕ್ಕೆ ಸೇರಬೇಕು. ಅದರ ಪುಣ್ಯ ಸತ್ತವರಿಗೆ ಸೇರಬೇಕು. ಬಟ್ಟೆ ಸರಿಯುವಾಗ ತಾಯಿಯ ಕಣ್ಣು ಅಂಚಿನಿಂದ ಎರಡು ಬೆರಳು ಒಳಗೆ ಬಿತ್ತು. ಹಾರಿದ ಎಳೆ ಅಲ್ಲಿತ್ತು.

ಆಗ ಅವಳಿಗೆ ತಿಳಿಯಿತು. ಮಗಳು ನೇಯ್ದದ್ದೆಂದು ಲೋಕದಲ್ಲಿ ಉಳಿದಿರುವುದು ಇದೊಂದೇ. ಉಳಿದದ್ದನ್ನೆಲ್ಲ ತಾನೇ ಬಿಚ್ಚಿಸಿದ್ದಳು.

ಅಷ್ಟರಲ್ಲಿ ಅವಳ ಕೈಗೆ ನೀರಿನ ಗಿಂಡಿ ಕೊಟ್ಟರು. ಗಿಂಡಿಯಿಂದ ಬಟ್ಟಲಿಗೆ ನೀರು ಬಗ್ಗಿಸಬೇಕು, ಬಟ್ಟಲು ತುಂಬಿ ಚೆಲ್ಲಬೇಕು. ಹೀಗೆ ನಮ್ಮ ಪುಣ್ಯ ಹೋದವರ ಕಡೆಗೆ ಹರಿಯುತ್ತದೆ. ಆದರೆ ಹೋದವರು ಎಲ್ಲಿದ್ದರೂ ಅದನ್ನು ಕಂಡು, ಒಳ್ಳೆಯದಾಯಿತು ಎಂದು ಮನಸ್ಸಿನಲ್ಲಿ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದಿದ್ದರೆ ಸೇರುವುದಿಲ್ಲ. ಬಟ್ಟಲು ತುಂಬಿತು, ಚೆಲ್ಲಿತು, ಅವಳ ಪಾದ ನೆನೆಯಿತು. ಸಾಯುವಾಗ ನನ್ನ ಒಂದು ಮಾತನ್ನೂ ತೆಗೆದುಕೊಳ್ಳದೆ ಹೋದವಳು ಇದನ್ನು ತೆಗೆದುಕೊಳ್ಳುತ್ತಾಳೆಯೇ ಎಂದು ಅವಳು ಯೋಚಿಸುತ್ತಿದ್ದಳು. ಗಿಂಡಿ ಬರಿದಾದರೂ ಬಗ್ಗಿಸಿಕೊಂಡೇ ಇದ್ದಳು. ಯಾರೋ ಕೈಯಿಂದ ಬಿಡಿಸಿಕೊಂಡರು.

ಭಿಕ್ಷು ಬಟ್ಟೆಯನ್ನು ಒಗೆದ, ತುಂಡು ಮಾಡಿದ, ಗದ್ದೆಯ ಮಡಿಗಳ ಹಾಗೆ ಜೋಡಿಸಿ ಹೊಲಿದ, ಹಲಸಿನ ಚೆಕ್ಕೆ ಕುದಿಸಿದ ನೀರಿನಲ್ಲಿ ಅದ್ದಿ ಬಣ್ಣ ಕಟ್ಟಿದ. ಇಪ್ಪತ್ತು ದಿನಗಳ ಮೇಲೆ ಅದನ್ನು ಹೊದ್ದು ಭಿಕ್ಷೆಗೆ ಬಂದ. ನೇಯ್ಗೆಯವಳು ಅನ್ನ ಬಡಿಸುತ್ತ ತಲೆ ಎತ್ತಿದಳು. ಹಾರಿದ ಎಳೆ ಅವನ ಎಡಭುಜದ ಮೇಲಿತ್ತು. ಅದರ ಪಕ್ಕದ ಹೊಲಿಗೆ ಸೊಟ್ಟಗಿತ್ತು. ಸೊಟ್ಟ ಹೊಲಿಗೆ ಕಂಡು ಸುಮ್ಮನಿದ್ದದ್ದು ಅವಳ ಜೀವನದಲ್ಲಿ ಅದೇ ಮೊದಲು.

ಅಂದಿನಿಂದ ಒಂದು ದಿನವೂ ಅವಳ ಮನೆಯ ಭಿಕ್ಷೆ ತಪ್ಪಲಿಲ್ಲ. ಏಳನೆಯ ದಿನದ ದಾನ, ಮೂರನೆಯ ತಿಂಗಳ ದಾನ, ವರ್ಷದ ದಾನ ಎಲ್ಲವೂ ಮುಗಿದರೂ ಅವಳು ದಿನಾ ಬೆಳಿಗ್ಗೆ ಸೌಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಎಂಥ ಶ್ರದ್ಧೆ ಎಂದು ಊರು ಹೊಗಳಿತು. ಅವಳು ಅಲ್ಲವೆನ್ನಲಿಲ್ಲ. ಅವಳಿಗೆ ಬೇಕಾದದ್ದು ಅನ್ನ ಬಡಿಸುವಷ್ಟು ಹೊತ್ತು ಆ ಎಡಭುಜವನ್ನು ನೋಡುವುದು.

ಎರಡನೆಯ ವರ್ಷ ಭುಜದ ಬಟ್ಟೆ ಸವೆಯತೊಡಗಿತು. ಪಾತ್ರೆಯ ಜೋಳಿಗೆಯ ಪಟ್ಟಿ ಅಲ್ಲೇ ಉಜ್ಜುತ್ತಿತ್ತು. ಇನ್ನೊಂದು ವರ್ಷ ಕಳೆದರೆ ಆ ಎಳೆ ಹರಿದೇ ಹೋಗುತ್ತದೆಂದು ನೇಯ್ಗೆಯವಳ ಕಣ್ಣಿಗೆ ಗೊತ್ತಾಯಿತು. ಕೇಳಿದರೆ ಭಿಕ್ಷು ಅಷ್ಟು ತುಂಡನ್ನು ಕತ್ತರಿಸಿ ಕೊಡುತ್ತಿದ್ದನೋ ಏನೋ. ಆದರೆ ಕೊಟ್ಟದ್ದನ್ನು ತಿರುಗಿ ಕೇಳುವ ಮನೆತನ ಅವಳದಲ್ಲ. ಅದಕ್ಕಿಂತ ಹೆಚ್ಚಾಗಿ, ಕೇಳಿದರೆ ಕಾರಣ ಹೇಳಬೇಕು. ಹತ್ತೂರಿಗೆ ಹೆಸರಾದವಳು ತಪ್ಪಿದ ಒಂದು ಎಳೆಗಾಗಿ ಯಾಕೆ ಕೈಯೊಡ್ಡುತ್ತಾಳೆಂದು ಹೇಳಬೇಕು. ಅದು ಅವಳಿಂದ ಆಗದು.

ಅವಳು ಬೇರೆ ಉಪಾಯ ಮಾಡಿದಳು. ಹೊಸ ಚೀವರ ಬಂದರೆ ಭಿಕ್ಷು ಅದನ್ನು ಹೊದೆಯುತ್ತಾನೆ, ಹಳೆಯದು ಮಡಿಚಿಟ್ಟಲ್ಲೇ ಇರುತ್ತದೆ, ಸವೆಯುವುದಿಲ್ಲ. ಮೂರು ತಿಂಗಳು ಕುಳಿತು ಅವಳು ತನ್ನ ಬದುಕಿನಲ್ಲೇ ನಯವಾದ ಬಟ್ಟೆಯನ್ನು ನೇಯ್ದಳು. ಮಳೆಗಾಲ ಮುಗಿದು ಚೀವರ ದಾನದ ತಿಂಗಳು ಬಂದಾಗ ಒಯ್ದು ಒಪ್ಪಿಸಿದಳು. ಭಿಕ್ಷುವಿಗೆ ಸಂತೋಷವಾಯಿತು. ಕೆಲವು ದಿನ ಕಳೆದು ಹೊಸದನ್ನು ಹೊದ್ದು ಬಂದ. ಎಡಭುಜದಲ್ಲಿ ಯಾವ ತಪ್ಪೂ ಇರಲಿಲ್ಲ. ನೋಡಲು ಏನೂ ಇಲ್ಲದಿದ್ದರೂ ಅವಳು ನೆಮ್ಮದಿಯಿಂದ ಅನ್ನ ಬಡಿಸಿದಳು.

ಮುಂದಿನ ಹುಣ್ಣಿಮೆಗೆ ವಿಹಾರಕ್ಕೆ ಹೋದಾಗ ಹಳೆಯ ಚೀವರ ಭಿಕ್ಷುವಿನ ಮಂಚದ ಮೇಲೆ ಹಾಸಿತ್ತು.

ಮಲಗಿ ಮಲಗಿ ಅದು ಸವೆಯುವುದಿಲ್ಲವೇ? ಅವಳು ಹಾಸುಬಟ್ಟೆ ನೇಯ್ದು ಕೊಟ್ಟಳು. ಮುಂದಿನ ವರ್ಷ ಹಳೆಯದು ನೆಲದ ಮೇಲೆ, ಕುಳಿತು ಪಾಠ ಹೇಳುವ ಜಾಗದಲ್ಲಿತ್ತು. ಅವಳು ದಪ್ಪ ನೂಲಿನ ಜಮಖಾನ ನೇಯ್ದು ಕೊಟ್ಟಳು. ನಾದಿನಿ ಈಗ ಹಾಸ್ಯ ಮಾಡುವುದನ್ನು ಬಿಟ್ಟಿದ್ದಳು. ಅತ್ತಿಗೆ, ಮನೆಗೆಂದು ಒಂದು ತುಂಡನ್ನಾದರೂ ನೇಯಿರಿ, ನಿಮ್ಮ ಸೀರೆ ಹರಿದಿದೆ ಎಂದು ಹೇಳಿದಳು. ನೇಯ್ಗೆಯವಳು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಆಗಲೇ ಮಂಜಾಗುತ್ತಿತ್ತು.

ಆ ವರ್ಷದ ಮಳೆ ಜೋರು. ವಿಹಾರದ ಅಂಗಳ ಕೆಸರಾಗಿತ್ತು. ಅವಳು ಬಾಗಿಲಲ್ಲಿ ಕಾಲು ತೊಳೆದು, ಹೊಸ್ತಿಲ ಬಳಿ ಬಿದ್ದಿದ್ದ ಬಟ್ಟೆಗೆ ಎರಡು ಪಾದವನ್ನೂ ಚೆನ್ನಾಗಿ ಒರೆಸಿಕೊಂಡಳು. ಒದ್ದೆ ಕಾಲಿನಲ್ಲಿ ಒಳಗೆ ಹೋಗುವವಳಲ್ಲ ಅವಳು. ಒರೆಸಿಕೊಂಡ ಮೇಲೆ, ಬಟ್ಟೆ ಮುದುಡಿತೆಂದು ಸರಿಪಡಿಸಲು ಬಗ್ಗಿದಳು. ಕೆಸರಿನ ನಡುವೆ ಹಾರಿದ ಎಳೆ ಕಾಣಿಸಿತು.

ಅವಳು ಅಂದು ಒಳಗೆ ಹೋಗಲಿಲ್ಲ. ಮನೆಗೆ ಬಂದು ತೆಂಗಿನ ನಾರನ್ನು ಹೊಸೆಯತೊಡಗಿದಳು. ಅವಳ ಮಗ್ಗ ಎಂದೂ ನಾರನ್ನು ಕಂಡಿರಲಿಲ್ಲ. ಹತ್ತು ದಿನಗಳಲ್ಲಿ ಕಾಲೊರೆಸುವ ಒಂದು ಒರಟು ಚಾಪೆ ಮಾಡಿ, ಹೋಗಿ ಹೊಸ್ತಿಲಲ್ಲಿ ಹಾಕಿ ಬಂದಳು. ಇಷ್ಟಾದ ಮೇಲೆ ಹಳೆಯದನ್ನು ತುಳಿಯುವವರಿಲ್ಲ. ಇದಕ್ಕಿಂತ ಕೆಳಗೆ ಅದು ಇಳಿಯಲು ಜಾಗವಿಲ್ಲ ಎಂದು ಅವಳ ಲೆಕ್ಕ. ಮಳೆ ನಿಂತ ಮೇಲೆ ಹೋಗಿ ಆ ಚಿಂದಿಯನ್ನು ಒಗೆದು ಕೊಡುತ್ತೇನೆಂದು ಹೇಳಿ ಮನೆಗೆ ತಂದುಬಿಡಬಹುದು. ಚಿಂದಿಯನ್ನು ಕೇಳಿದರೆ ಯಾರೂ ಕಾರಣ ಕೇಳುವುದಿಲ್ಲ.

ಮಳೆ ನಿಂತ ವಾರಕ್ಕೆ ಹೋದಳು. ಹೊಸ್ತಿಲಲ್ಲಿ ನಾರಿನ ಚಾಪೆ ಇತ್ತು. ಸುತ್ತ ಎಲ್ಲಿಯೂ ಹಳೆಯ ಬಟ್ಟೆ ಇರಲಿಲ್ಲ. ಹಿತ್ತಲಲ್ಲಿ ಭಿಕ್ಷು ಮೊಣಕಾಲಿನವರೆಗೆ ಮಣ್ಣಾಗಿ, ಜೇಡಿಮಣ್ಣಿಗೆ ಹೊಟ್ಟು ಸೇರಿಸಿ ತುಳಿಯುತ್ತಿದ್ದ. ಹಿಂದಿನ ಗೋಡೆ ಮಳೆಗೆ ಕುಸಿದಿತ್ತು. ಅರ್ಧಕ್ಕಿಂತ ಹೆಚ್ಚು ಕಟ್ಟಿ ಮುಗಿದಿತ್ತು.

ಅವಳು ಮೊದಲ ಸಲ ಬಾಯಿಬಿಟ್ಟು ಕೇಳಿದಳು. "ಭಂತೆ, ಹೊಸ್ತಿಲಲ್ಲಿದ್ದ ಹಳೆಯ ಬಟ್ಟೆ ಎಲ್ಲಿ?"

ಭಿಕ್ಷು ನಕ್ಕ. ಅವಳು ಕೇಳಿದ್ದು ಅವನಿಗೆ ಸಂತೋಷವೇ ಆಗಿತ್ತು. "ನೀವು ಕೊಟ್ಟ ಯಾವುದನ್ನೂ ನಾವು ವ್ಯರ್ಥ ಮಾಡಿಲ್ಲ, ತಾಯಿ. ಹೊಸ ಚೀವರ ಬಂದಾಗ ಹಳೆಯದನ್ನು ಹಾಸಿದೆವು. ಹಾಸುಬಟ್ಟೆ ಬಂದಾಗ ನೆಲಕ್ಕೆ ಹಾಕಿದೆವು, ಜಮಖಾನ ಬಂದಾಗ ಹೊಸ್ತಿಲಿಗೆ. ಈಗ ನಾರಿನ ಚಾಪೆಯೂ ಬಂತು. ಹಾಗಾಗಿ ಅದನ್ನು ಸಣ್ಣಗೆ ಕೊಚ್ಚಿ ಮಣ್ಣಿಗೆ ಕಲಸಿದೆ. ಬಟ್ಟೆ ಸೇರಿದ ಮಣ್ಣು ಗಟ್ಟಿ ಹಿಡಿಯುತ್ತದೆ. ನಮ್ಮ ನಿಯಮವೇ ಹಾಗೆ."

"ನಾನು ಏನನ್ನೂ ಕೊಡದೆ ಇದ್ದಿದ್ದರೆ?"

"ಕೊಡದೆ ಇದ್ದಿದ್ದರೆ ಏನು? ಅದಕ್ಕೇ ತೇಪೆ ಹಾಕಿಕೊಂಡು ಇವತ್ತಿಗೂ ಹೊದೆಯುತ್ತಿದ್ದೆ."

ನೇಯ್ಗೆಯವಳು ಮಣ್ಣಿನ ರಾಶಿಯ ಮುಂದೆ ಕುಳಿತಳು. ಒಂದು ಹಿಡಿ ಮಣ್ಣು ತೆಗೆದು ಹಿಂಡಿದಳು, ಬೆರಳಿನಿಂದ ಕೆದಕಿದಳು. ಚೂರುಚೂರಾದ ಎಳೆಗಳು ಸಿಕ್ಕವು. ಯಾವುದು ಹಾಸಿನದು, ಯಾವುದು ಹೊಕ್ಕಿನದು ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಿಗೆ ಒಂದರ ಗುರುತೂ ಹತ್ತಲಿಲ್ಲ.

ಆಗ ಭಿಕ್ಷುವಿನ ನಗು ನಿಂತಿತು. ಏನಾಯಿತು ತಾಯಿ ಎಂದು ಕೇಳಿದ. ಇಷ್ಟು ವರ್ಷ ಅವಳ ಕೈಯ ಅನ್ನ ಉಂಡು, ಅವಳ ಬಟ್ಟೆ ಹೊದ್ದು, ಅವಳು ನೇಯ್ದ ಹಾಸುಬಟ್ಟೆಯ ಮೇಲೆ ಮಲಗಿದವನು ಅಂದು ಮೊದಲ ಸಲ ಅದನ್ನು ಕೇಳಿದ.

ಅವಳು ಮಣ್ಣಿನಿಂದ ಕಣ್ಣು ತೆಗೆಯದೆ ಹೇಳಿದಳು. "ಅದರಲ್ಲಿ ಒಂದು ಎಳೆ ತಪ್ಪಿತ್ತು. ಬಿಚ್ಚು ಅಂದೆ, ನನ್ನ ಮಗಳು ಬಿಚ್ಚಲಿಲ್ಲ. ಕೊನೆಗೂ ಬಿಚ್ಚಿದ್ದು ನಾನೇ."

ಭಿಕ್ಷುವಿಗೆ ನೂರು ಪಾಠ ಬಾಯಿಗೆ ಬರುತ್ತಿತ್ತು. ಹುಟ್ಟಿದ್ದು ಅಳಿಯುತ್ತದೆಂಬ ಪಾಠವನ್ನು ಅವನು ನೂರಾರು ಹೆಣಗಳ ಮುಂದೆ ಹೇಳಿದ್ದ. ಅಂದು ಅವನು ಮಣ್ಣಿನಿಂದ ಕಾಲು ಕಿತ್ತು ಪಕ್ಕದಲ್ಲಿ ನಿಂತ, ಅಷ್ಟೇ.

ಅವಳು ಮನೆಗೆ ಹೋಗಿ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿಸಿದಳು, ಗುಣಿಗೆ ಮಣ್ಣು ತುಂಬಿ ನೆಲ ಸಮ ಮಾಡಿಸಿದಳು. ಹತ್ತೂರಿನವರು ಬಂದು ಕೇಳಿದರೂ ಮತ್ತೆ ಲಾಳಿ ಮುಟ್ಟಲಿಲ್ಲ. ಮಗಳು ಆ ಪುಣ್ಯವನ್ನು ಎಲ್ಲಿಯಾದರೂ ಕಂಡಳೋ, ಒಳ್ಳೆಯದಾಯಿತು ಎಂದಳೋ, ಅಥವಾ ಇನ್ನೂ ಆ ಕಡೆಗೇ ಮುಖ ಮಾಡಿದ್ದಾಳೋ, ಯಾರು ಹೇಳಬೇಕು? ಭಿಕ್ಷು ಅಂದಿನಿಂದ ಯಾರು ತಂದರೂ ಹೊಸ ಚೀವರ ತೆಗೆದುಕೊಳ್ಳಲಿಲ್ಲ. ಅವಳು ಕೊಟ್ಟದ್ದಕ್ಕೇ ತೇಪೆ ಹಾಕಿಕೊಂಡು ಹೊದೆಯುತ್ತ ಬಂದ. ಅದರಿಂದ ಅವಳಿಗೇನೂ ಸಿಗಲಿಲ್ಲ.

ಗೋಡೆ ನಿಂತಿತು. ಆದರೆ ಮಣ್ಣಿನ ಗೋಡೆ; ಪ್ರತಿ ಮಳೆಗೂ ಅಲ್ಲಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಎಳೆಗಳು ಹೊರಗೆ ಬರುತ್ತವೆ. ಮಳೆ ಮುಗಿದ ಮೊದಲ ಹುಣ್ಣಿಮೆಗೆ ಅವಳು ಮಣ್ಣು ಕಲಸಿಕೊಂಡು ಬರುತ್ತಾಳೆ. ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಒಂದೊಂದು ಬಿರುಕಿನ ಮುಂದೆಯೂ ಸ್ವಲ್ಪ ಹೊತ್ತು ನಿಂತು ನೋಡುತ್ತಾಳೆ. ಆಮೇಲೆ ಮುಚ್ಚುತ್ತಾಳೆ. ಮುಚ್ಚದಿದ್ದರೆ ನೀರು ಇಳಿದು ಗೋಡೆಯೇ ಬೀಳುತ್ತದೆ; ಮುಚ್ಚಿದರೆ ಎಳೆ ಇನ್ನೊಂದು ಪದರ ಒಳಗೆ ಹೋಗುತ್ತದೆ. ಎರಡೂ ಅವಳಿಗೆ ಗೊತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕೈ ಇನ್ನೂ ಸೊಂಟದ ಮೇಲೇ ಇತ್ತು. ಅವನ ಮನಸ್ಸು ಒಂದೇ ಜಾಗದಲ್ಲಿ ಸಿಕ್ಕಿಕೊಂಡಿತ್ತು.

"ಭಂತೆ, ಅವಳು ಮೊದಲೇ ಕೇಳಿ ಆ ಒಂದು ತುಂಡನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದರೆ, ಅವಳಿಗೆ ಒರಗಲು ಏನಾದರೂ ಇರುತ್ತಿತ್ತಲ್ಲವೇ?"

ಅಷ್ಟರಲ್ಲಿ ಜಗಲಿಯ ಆ ತುದಿಯಿಂದ ಮೆತ್ತುತ್ತ ಬಂದ ಮುದುಕಿ ಅವರ ಹತ್ತಿರಕ್ಕೆ ತಲುಪಿದ್ದಳು. ಬುಟ್ಟಿಯನ್ನು ಕೆಳಗಿಟ್ಟು, ಮಣ್ಣಿನ ಕೈಗಳನ್ನು ಹಾಗೇ ಹಿಡಿದುಕೊಂಡು, ಶಿಷ್ಯನ ಬೆನ್ನ ಹಿಂದಿನ ಗೋಡೆಯನ್ನು ನೋಡುತ್ತ ನಿಂತಳು.

ಗುರುಗಳು ಹೇಳಿದರು: "ಸರಿದು ಕೂತುಕೋ; ನೀನು ಒರಗಿರುವ ಜಾಗವೇ ಅವಳಿಗೆ ಬೇಕಾದದ್ದು."